ಮುಂದಿನ ಪಾಟಾ ಬಿಚ್ಚುವ ಮುಂಚೆ

ಅಥಣಿಯ ನಮ್ಮ ಹಳೇ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಎರಡು ತಿಂಗಳಿಂದ ಒಂದು ಎಲುಬಿನ ಗೂಡು ನಿಂತಿದೆ. ಬಾಡಿ ಕಳಚಿ ಗೋಡೆಗೆ ಒರಗಿಸಿದ್ದೇವೆ. ಬಾನೆಟ್ಟು ಮೇವಿನ ಕೋಣೆಯಲ್ಲಿದೆ. ಉಳಿದದ್ದು ಎರಡು ಉದ್ದನೆಯ ಉಕ್ಕಿನ ಹಳಿ, ನಡುವೆ ಅಡ್ಡಪಟ್ಟಿ, ಕೆಳಗೆ ನಾಲ್ಕು ಪಾಟಾ, ಅಂದರೆ ಎಲೆ ಸ್ಪ್ರಿಂಗು, ಎರಡು ಅಚ್ಚು. ಅಪ್ಪ 1970ರ ದಶಕದಲ್ಲಿ ಇನ್ನೊಬ್ಬರ ಕೈಯಿಂದ ಕೊಂಡ ಜೀಪು ಇದು. ಕಾಗದದಲ್ಲಿ ಮೊದಲ ನೋಂದಣಿಯ ವರ್ಷ 1967. ಹೊಲಕ್ಕೆ ಗೊಬ್ಬರ ಹೊತ್ತಿದೆ, ಮೀರಜಿನ ಆಸ್ಪತ್ರೆಗಳಿಗೆ ಓಣಿಯ ಅರ್ಧ ಮಂದಿಯನ್ನು ಒಯ್ದಿದೆ, ನನ್ನ ಅಕ್ಕನ ಮದುವೆಯ ಮೆರವಣಿಗೆಯಲ್ಲಿ ಮುಂದೆ ನಿಂತಿದೆ. ಅಪ್ಪ ಹೋದ ಮೇಲೆ ಹನ್ನೆರಡು ವರ್ಷ ಹಾಗೇ ನಿಂತಿತ್ತು.

ಪುಣೆಯಲ್ಲಿ ಕೆಲಸ ಮಾಡುವ ಅಕ್ಕನ ಮಗ ದೀಪಾವಳಿಗೆ ಬಂದವನು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ. ಅಮೆರಿಕದ ಹಳೇ ಫೋರ್ಡುಗಳು. ಮುಂದಿನ ಗಾಲಿಗೆ ಮಡ್‌ಗಾರ್ಡಿಲ್ಲ, ಎಂಜಿನ್ನಿಗೆ ಮುಚ್ಚಳವಿಲ್ಲ, ಮೂಗು ನೆಲಕ್ಕೆ ಬಾಗಿದೆ. ಹಾಟ್ ರಾಡ್ ಅನ್ನುತ್ತಾರೆ. "ಮಾಮಾ, ನಮ್ಮ ಜೀಪನ್ನ ಹಿಂಗ ಮಾಡೂಣು. ಹೊಸಾ ಬಾಕ್ಸ್ ಪೈಪಿನ ಚಾಸಿ ಕಟ್ಟಿಸೂಣು, ಮುಂದಕ್ಕ ಥಾರಿನ ಸಸ್ಪೆನ್ಷನ್ ಕೂಡಿಸೂಣು" ಅಂದ. ಅವನ ಉತ್ಸಾಹ ನನಗೆ ಹಿಡಿಸಿತು. ಹಳೇ ವಸ್ತುವನ್ನು ಗುಜರಿಗೆ ಹಾಕೋಣ ಅನ್ನದೆ ಓಡಿಸೋಣ ಅಂದನಲ್ಲ. ಆದರೆ ಅಪ್ಪನ ಕಾಲದಿಂದ ಈ ಜೀಪನ್ನು ಬಲ್ಲ ಮಿಸ್ತ್ರಿ ಎರಡನ್ನೂ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ಮೊದಲ ಒಂದು ದಾರ ತರ್ರಿ."

ದಾರವನ್ನು ಮುಂದಿನ ಎಡ ಪಾಟಾ ನೇತಾಡುವ ಕೊಂಡಿಯಿಂದ ಹಿಂದಿನ ಬಲ ಕೊಂಡಿಗೆ ಬಿಗಿದೆವು. ಗಂಟು ಹಾಕಿ ಗುರುತು ಮಾಡಿ, ಅದನ್ನೇ ಬಲದಿಂದ ಎಡಕ್ಕೆ ಹಿಡಿದೆವು. ಎರಡು ಕರ್ಣಗಳ ನಡುವೆ ಇದ್ದ ವ್ಯತ್ಯಾಸ ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಭಾಗ. ಆಮೇಲೆ ಮಿಸ್ತ್ರಿ ಗೌಂಡಿಯ ಓಳಂಬಿ ಇಳಿಬಿಟ್ಟು ಎರಡೂ ಹಳಿಗಳ ಎತ್ತರ ನೋಡಿದ. ಅರ್ಧ ತಾಸಿನ ಕೆಲಸ. "ಐವತ್ತು ವರ್ಷ ಎರಿ ಹೊಲದಾಗ ಉರುಳೇತಿ, ಎಲುಬು ಸೆಟದ ನಿಂತೇತಿ" ಅಂದ. ನನ್ನ ಮಟ್ಟಿಗೆ ಈ ಬರಹದ ವಿಷಯವೆಲ್ಲ ಆ ದಾರದಲ್ಲೇ ಇದೆ. ಹಳೇ ಗಾಡಿಗೆ ಮುಂದೆ ಯಾವ ಸಸ್ಪೆನ್ಷನ್ ಅನ್ನುವ ಪ್ರಶ್ನೆಗೆ ಉತ್ತರ ಮುಂದಿನ ಗಾಲಿಯಲ್ಲಿ ಸಿಗುವುದಿಲ್ಲ. ಅದು ಚಾಸಿಯಲ್ಲಿದೆ.

ಜೀಪಿಗೂ ಹಾಟ್ ರಾಡಿಗೂ ಏನು ಸಂಬಂಧ ಎಂದು ಕೇಳುವವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. 1932ರಲ್ಲಿ ಹೆನ್ರಿ ಫೋರ್ಡ್ ಅಗ್ಗದ ಕಾರಿಗೆ ವಿ-8 ಎಂಜಿನ್ ಇಟ್ಟ. ಅದರ ಗಾತ್ರ 221 ಘನ ಇಂಚು, ಶಕ್ತಿ 65 ಅಶ್ವಶಕ್ತಿ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಇಂಥ ಹಳೇ ಫೋರ್ಡುಗಳನ್ನು ಕಡಿಮೆ ಬೆಲೆಗೆ ಕೊಂಡು, ಬೇಡವಾದ ತೂಕವನ್ನೆಲ್ಲ ಕಳಚಿ, ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿ ವೇಗ ಅಳೆದರು. ಅಲ್ಲಿನ ಕ್ಲಬ್ಬುಗಳು ಸೇರಿ 1937ರಲ್ಲಿ ಸಂಘವನ್ನೂ ಕಟ್ಟಿದವು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಕೈಯಲ್ಲಿ ಆ ಹವ್ಯಾಸ ಇನ್ನೂ ಬೆಳೆಯಿತು. ಅವರಿಗೆ 1932ರ ಫೋರ್ಡ್ ಪ್ರಿಯವಾದದ್ದು ಎಂಜಿನ್ನಿಗಷ್ಟೇ ಅಲ್ಲ. ಬಾಡಿ ಬೇರೆ, ಚಾಸಿ ಬೇರೆ. ಬೋಲ್ಟು ಬಿಚ್ಚಿದರೆ ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಯಾವ ಭಾಗವನ್ನು ಬೇಕಾದರೂ ಬದಲಿಸಿ ಮತ್ತೆ ಕೂಡಿಸಬಹುದು.

ನಮ್ಮ ಕಡೆ ಆ ಗುಣ ಇದ್ದದ್ದು ಜೀಪಿಗೆ. ಅಂಬಾಸಡರಿಗೂ ಪದ್ಮಿನಿಗೂ ಬಾಡಿಯೇ ಬೆನ್ನೆಲುಬು. ಅದನ್ನು ತೆಗೆದರೆ ಗಾಡಿಯೇ ಉಳಿಯುವುದಿಲ್ಲ. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಜೀಪುಗಳು ದೇಶದ ತುಂಬ ಹರಾಜಾದವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬೈಯ ಮಜಗಾಂವದಲ್ಲಿ ವಿಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ ಮುಂಬೈ ಕಡೆಯ ಗಾಡಿಯೂ ಬಿಡಿಭಾಗವೂ ಕೊಲ್ಲಾಪುರ, ಮೀರಜ, ನಿಪ್ಪಾಣಿಯ ದಾರಿ ಹಿಡಿದು ಸಲೀಸಾಗಿ ಇಲ್ಲಿಗೆ ಇಳಿದವು. ಕಬ್ಬಿಣದ ಕೆಲಸ ಈ ಸೀಮೆಗೆ ಹೊಸದೂ ಅಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಮೀರಜ-ಪುಣೆ ರೈಲುದಾರಿಯ ಬದಿ ಕಿರ್ಲೋಸ್ಕರವಾಡಿ ಕಟ್ಟಿದ್ದು ಈ ಭಾಗದ ಮಿಸ್ತ್ರಿಗಳಿಗೆ ಇಂದಿಗೂ ಮನೆಮಾತು.

ನಮ್ಮದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಆ ಎತ್ತರಕ್ಕೂ ಕಾರಣವಿದೆ. ಅದರ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವ್ ತಲೆಯ ಮೇಲಿದೆ, ಹೊಗೆ ಹೊರಗೆ ಬಿಡುವುದು ಪಕ್ಕದಲ್ಲಿದೆ. ಹೀಗಾಗಿ ಎಂಜಿನ್ ಎತ್ತರವಾಯಿತು, ಮುಚ್ಚಳವೂ ಎದ್ದಿತು. 2.2 ಲೀಟರ್, ನಾಲ್ಕು ಸಿಲಿಂಡರ್. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 80 ಇಂಚು. ಜೀಪು ಬಿಚ್ಚುವಾಗ ಆ ಎಂಜಿನ್ ಚಾಸಿಯ ಮೇಲಿರಲಿಲ್ಲ, ಮೇವಿನ ಕೋಣೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕುಳಿತಿತ್ತು. 1990ರ ದಶಕದಲ್ಲಿ ಪೆಟ್ರೋಲಿನ ಬೆಲೆ ತಾಳದೆ ಅಪ್ಪ ಹಳೇ ಡೀಸೆಲ್ ಎಂಜಿನ್ ಒಂದನ್ನು ಕೂಡಿಸಿದರು. ಆಗ ಬಹಳ ಮಂದಿ ಅದನ್ನೇ ಮಾಡುತ್ತಿದ್ದರು. ಆ ಡೀಸೆಲ್ಲಿನ ಮಾತು ಮುಂದೆ ಬರುತ್ತದೆ.

ಚಾಸಿ ಎಂದರೆ ಏಣಿ. ಎರಡು ಉದ್ದನೆಯ ಕಾಲು, ನಡುವೆ ಮೆಟ್ಟಿಲು. ಜೀಪಿನಲ್ಲೂ ಹಳೇ ಫೋರ್ಡಿನಲ್ಲೂ ಇದು ರಿವೆಟ್ ಹೊಡೆದ ಏಣಿ. ಕಾಲುಗಳು ಬಹುಪಾಲು ಒಂದು ಬದಿ ತೆರೆದ ಉಕ್ಕಿನ ಕಾಲುವೆ. ತೆರೆದ ಕಾಲುವೆಗೂ ಮುಚ್ಚಿದ ಪೆಟ್ಟಿಗೆಗೂ ಏನು ವ್ಯತ್ಯಾಸ ಎಂದು ನೋಡಬೇಕೆಂದರೆ ಹೊಲಕ್ಕೆ ಹೋಗಿ. ನೀರಾವರಿಗೆ ತಂದ ಪ್ಲಾಸ್ಟಿಕ್ ಪೈಪಿನ ಒಂದು ತುಂಡನ್ನು ಕೈಯಿಂದ ತಿರುಚಿ ನೋಡಿ, ಜಗ್ಗುವುದಿಲ್ಲ. ಅದನ್ನೇ ಉದ್ದಕ್ಕೆ ಒಂದು ಕಡೆ ಸೀಳಿ ತಿರುಚಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಸುತ್ತುತ್ತದೆ. ಪ್ಲಾಸ್ಟಿಕ್ ಅಷ್ಟೇ, ದಪ್ಪ ಅಷ್ಟೇ, ಹೋದದ್ದು ಒಂದು ಗೀರಿನ ಹೊಲಿಗೆ ಮಾತ್ರ. ಹಾಟ್ ರಾಡ್ ಕಟ್ಟುವವರು ಫೋರ್ಡಿನ ತೆರೆದ ಹಳಿಗಳ ಬಾಯಿಗೆ ಪಟ್ಟಿ ಬೆಸೆದು ಪೆಟ್ಟಿಗೆ ಮಾಡುವುದು ಇದಕ್ಕೇ. ದೊಡ್ಡ ಎಂಜಿನ್ ಇಟ್ಟು ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ತೆರೆದ ಹಳಿ ಹಿಂಡಿಕೊಳ್ಳುತ್ತದೆ.

ಹಾಗಾದರೆ ಜೀಪಿನ ಚಾಸಿಯನ್ನೂ ಮುಚ್ಚಿಬಿಡೋಣ ಎಂದು ಅಳಿಯ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೆ ಜೀಪಿನ ಹಳಿ ತಿರುಚಿಕೊಳ್ಳುವುದು ದೋಷವಲ್ಲ. ಒಂದು ಗಾಲಿ ಬದುವಿನ ಮೇಲೆ, ಇನ್ನೊಂದು ಕಾಲುವೆಯಲ್ಲಿ ಇದ್ದಾಗ ಪಾಟಾ ತನ್ನ ಮಟ್ಟಿಗೆ ಬಾಗಿ, ಸಾಲದ್ದನ್ನು ಚಾಸಿಗೆ ದಾಟಿಸುತ್ತದೆ. ಚಾಸಿ ಸ್ವಲ್ಪ ಹೊರಳಿ ನಾಲ್ಕೂ ಗಾಲಿಗಳನ್ನು ನೆಲಕ್ಕೆ ಮುಟ್ಟಿಸುತ್ತದೆ. ಇಲ್ಲಿ ರಿವೆಟ್ಟಿಗೂ ಕೆಲಸವಿದೆ. ಬೆಸುಗೆ ಹಾಕಿದ ಮೂಲೆ ಹೊರಳುವುದಿಲ್ಲ, ಹೊರಳಿಸಿದರೆ ಬೆಸುಗೆಯ ಅಂಚಿನಲ್ಲೇ ಸೀಳುತ್ತದೆ. ನಮ್ಮೂರಿನ ಚಪ್ಪಲಿಯನ್ನು ನೋಡಿ. ಅಥಣಿ, ಮದಭಾವಿ, ನಿಪ್ಪಾಣಿಯ ಕೈಗಳು ಹೊಲಿದ ಹಳೇ ಪದ್ಧತಿಯ ಕೊಲ್ಲಾಪುರಿ ಚಪ್ಪಲಿಗೆ ಮೊಳೆಯಿಲ್ಲ, ತೊಗಲಿನ ದಾರದ ಹೊಲಿಗೆ ಮಾತ್ರ. ಕಾಲು ಮಡಚಿದಂತೆ ಅದೂ ಮಡಚುತ್ತದೆ, ಹರಿಯುವುದಿಲ್ಲ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ರಿವೆಟ್ ಹೊಡೆದ ಚಾಸಿ ಅದೇ ಜಾತಿಯದು.

ಮುಚ್ಚಿದ ಪೆಟ್ಟಿಗೆಗೆ ಇಲ್ಲಿ ಇನ್ನೊಂದು ತೊಂದರೆಯಿದೆ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದದ್ದನ್ನು ನದಿಯ ದಂಡೆಯ ಹಳ್ಳಿಗಳು ಮರೆತಿಲ್ಲ. ನೀರು ಇಳಿಯುತ್ತದೆ, ಗಾಡಿಯೊಳಗಿನ ರಾಡಿ ಇಳಿಯುವುದಿಲ್ಲ. ಎರಿ ಮಣ್ಣು ತೇವವನ್ನು ಬಿಡುವ ಜಾತಿಯದಲ್ಲ. ತೆರೆದ ಹಳಿಯಾದರೆ ಪೈಪು ಹಿಡಿದು ತೊಳೆದು ಬಿಸಿಲಿಗೆ ಒಣಗಿಸಬಹುದು. ಮುಚ್ಚಿದ ಹಳಿಯೊಳಗೆ ಸೇರಿದ ರಾಡಿ ಕಣ್ಣಿಗೆ ಕಾಣದೆ ಒಳಗಿಂದ ತಿನ್ನುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಹಳೇ ಜೀಪು ಕೊಳ್ಳಲು ಹೋದವರು ಎಂಜಿನ್ನಿನ ಸದ್ದು ಕೇಳುವ ಮುಂಚೆ ಸಣ್ಣ ಸುತ್ತಿಗೆಯಿಂದ ಹಳಿಯ ಹೊಟ್ಟೆಯನ್ನು ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ. ತುಕ್ಕು ತಿಂದದ್ದು ಒಣ ಸೋರೆಕಾಯಿಯಂತೆ ಸದ್ದು ಮಾಡುತ್ತದೆ.

ಚಾಸಿಯ ರಿಪೇರಿಗೂ ಶಿಸ್ತಿದೆ. ಹಳಿಯ ಮೇಲಿನ ಮತ್ತು ಕೆಳಗಿನ ಅಂಚುಗಳೇ ಭಾರವನ್ನು ಹೊರುವವು. ಅಲ್ಲಿ ತೂತು ಕೊರೆಯಬಾರದು, ಅಡ್ಡಡ್ಡ ಬೆಸುಗೆ ಎಳೆಯಬಾರದು. ಬಿರುಕು ಬಂದಿದ್ದರೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆದು ಬಿರುಕನ್ನು ನಿಲ್ಲಿಸಿ, ಬೆಸೆದು, ಮೇಲೆ ವಜ್ರಾಕಾರದ ತಗಡು ಹೊದಿಸಬೇಕು. ಚೌಕ ತಗಡು ಹಾಕಿದರೆ ಅದರ ನೆಟ್ಟನೆಯ ಅಂಚಿನಲ್ಲಿ ಮುಂದಿನ ಬಿರುಕು ಹುಟ್ಟುತ್ತದೆ. ನಮ್ಮ ಜೀಪಿನ ಗೇರ್‌ಬಾಕ್ಸಿನ ಕೆಳಗಿನ ಅಡ್ಡಪಟ್ಟಿಗೆ ಹಿಂದೆ ಯಾರೋ ಚೌಕ ತಗಡು ಬಡಿದಿದ್ದರು. ಬಿರುಕು ಅಂಚಿನ ಗುಂಟ ಹಾಗೇ ನಡೆದಿತ್ತು.

ಈಗ ಮುಂದಿನ ಅಚ್ಚಿಗೆ ಬರೋಣ. ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ ಇದೇ.

ಚಕ್ಕಡಿಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ನಾವು ಬಲ್ಲದ್ದು ಇಡಿಯ ಅಚ್ಚು. ಎಡ ಗಾಲಿಗೂ ಬಲ ಗಾಲಿಗೂ ಒಂದೇ ತೊಲೆ. ಟ್ರ್ಯಾಕ್ಟರಿಗೆ ಚಾಸಿಯೇ ಇಲ್ಲ. ಎಂಜಿನ್, ಗೇರ್‌ಬಾಕ್ಸು, ಹಿಂದಿನ ಅಚ್ಚಿನ ಪೆಟ್ಟಿಗೆ ಒಂದಕ್ಕೊಂದು ಬೋಲ್ಟಾಗಿ ಬೆನ್ನೆಲುಬಾಗುತ್ತವೆ. ಮುಂದಿನ ತೊಲೆ ನಟ್ಟನಡುವೆ ಒಂದು ಪಿನ್ನಿನ ಮೇಲೆ ತಕ್ಕಡಿಯ ದಂಡಿಯಂತೆ ತೂಗುತ್ತದೆ. ಸ್ಪ್ರಿಂಗ್ ಇಲ್ಲ. ಹೊಲದಲ್ಲಿ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಉಗಾರದ ಕಡೆ ಹೊರಟ ಟ್ರ್ಯಾಕ್ಟರು ಏರಿನಲ್ಲಿ ಮುಂಗಾಲು ಎತ್ತುವುದನ್ನು ಈ ರಸ್ತೆಗಳಲ್ಲಿ ಓಡಾಡಿದವರೆಲ್ಲ ನೋಡಿದ್ದಾರೆ. ಮುಂದಿನ ಗಾಲಿ ನೆಲ ಬಿಟ್ಟರೆ ಸ್ಟೇರಿಂಗ್ ಬರಿಯ ಅಲಂಕಾರ ಎನ್ನುವ ಪಾಠ ಅಥಣಿಯ ಮಕ್ಕಳಿಗೆ ಪುಸ್ತಕವಿಲ್ಲದೆ ಗೊತ್ತು.

ಜೀಪಿನ ಇಡಿಯ ಅಚ್ಚು ಎರಡು ಪಾಟಾಗಳ ಮೇಲೆ ಕೂತಿದೆ. ಪಾಟಾ ಒಂದೇ ಕೆಲಸ ಮಾಡುವ ವಸ್ತುವಲ್ಲ. ಭಾರ ಹೊರುತ್ತದೆ. ಅಚ್ಚು ಹಿಂದೆ ಮುಂದೆ, ಅತ್ತ ಇತ್ತ ಸರಿಯದಂತೆ ಹಿಡಿಯುತ್ತದೆ. ಬ್ರೇಕ್ ಒತ್ತಿದಾಗ ಅಚ್ಚು ಉರುಳಲು ಹೋದರೆ ತಡೆಯುತ್ತದೆ. ಎಲೆ ಎಲೆಯ ನಡುವಿನ ತಿಕ್ಕಾಟದಿಂದ ಕುಣಿತವನ್ನೂ ಅಷ್ಟಿಷ್ಟು ತಣಿಸುತ್ತದೆ. ಯುದ್ಧಕಾಲದ ಜೀಪಿನಲ್ಲಿ ಎಡ ಮುಂದಿನ ಪಾಟಾಕ್ಕೆ ಇನ್ನೊಂದು ಸಹಾಯಕ ಸ್ಪ್ರಿಂಗ್ ಸೇರಿಸಿದ್ದರು, ಬ್ರೇಕಿನ ಹೊತ್ತಿಗೆ ಅಚ್ಚು ಹೊರಳಿ ಸ್ಟೇರಿಂಗ್ ಎಳೆಯದಿರಲೆಂದು. ಇಷ್ಟೊಂದು ಹೊಣೆ ಹೊತ್ತ ವಸ್ತುವನ್ನು ಮೆತ್ತಗೆ ಮಾಡುವುದು ಕಷ್ಟ. ಗಾಡಿ ಮೆತ್ತಗಿರಲಿ ಎಂದು ಎಲೆ ತೆಗೆದರೆ ಅಚ್ಚಿನ ಹಿಡಿತ ಸಡಿಲಾಗುತ್ತದೆ.

ಇದೇ ಗಂಟನ್ನು ಬಿಡಿಸಲು ಹೋದವನು ಮಾರಿಸ್ ಆಲಿ. ರೋಲ್ಸ್ ರಾಯ್ಸ್‌ನಲ್ಲಿದ್ದ ಆ ಇಂಗ್ಲಿಷ್ ಎಂಜಿನಿಯರ್ 1930ರಲ್ಲಿ ಜನರಲ್ ಮೋಟರ್ಸಿನ ಕ್ಯಾಡಿಲಾಕ್ ವಿಭಾಗಕ್ಕೆ ಬಂದ. ಕಾರಿನ ಮೇಲೆ ಅತ್ತಿತ್ತ ಸರಿಸಬಹುದಾದ ತೂಕದ ಗುಂಡುಗಳನ್ನು ಹೇರಿ, ಸ್ಪ್ರಿಂಗುಗಳನ್ನು ಬದಲಿಸುತ್ತಾ, ಕೂತವರಿಗೆ ಯಾವಾಗ ಹಿತ ಯಾವಾಗ ಅಲ್ಲ ಎಂದು ಪರೀಕ್ಷೆ ಮಾಡಿದ. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿದ್ದರೆ ಗಾಡಿ ಮುಗ್ಗರಿಸದೆ ಸಮನಾಗಿ ತೇಲುತ್ತದೆ ಎಂದು ಕಂಡುಕೊಂಡ. ಆದರೆ ಇಡಿಯ ಅಚ್ಚಿನ ಕೆಳಗೆ ಮೆತ್ತನೆಯ ಸ್ಪ್ರಿಂಗ್ ಇಟ್ಟರೆ ಮುಂದಿನ ಗಾಲಿಗಳು ಗಡಗಡ ಕುಣಿಯತೊಡಗುತ್ತವೆ. ಕಾರಣ ಬುಗುರಿಯದು. ತಿರುಗುವ ಬುಗುರಿಯನ್ನು ಒಂದು ಕಡೆ ಓಲಿಸಲು ಹೋದರೆ ಅದು ಇನ್ನೊಂದು ಕಡೆ ಹೊರಳುತ್ತದೆ. ಎಡ ಗಾಲಿ ಕಲ್ಲೇರಿದರೆ ಇಡೀ ಅಚ್ಚು ಓಲುತ್ತದೆ. ಅಚ್ಚು ಓಲಿದರೆ ಎರಡೂ ಗಾಲಿಗಳು ಬುಗುರಿಗಳಂತೆ ಪಕ್ಕಕ್ಕೆ ತಿರುಗುತ್ತವೆ. ಆ ತಿರುಗು ಮತ್ತೆ ಓಲಾಟವನ್ನು ಎಬ್ಬಿಸುತ್ತದೆ. ಒಂದಕ್ಕೊಂದು ಗಾಳಿ ಹಾಕುತ್ತಾ ಸ್ಟೇರಿಂಗ್ ಕೈಯಲ್ಲಿ ನಿಲ್ಲದಂತಾಗುತ್ತದೆ. ಎರಡು ಗಾಲಿಗಳ ನಂಟನ್ನೇ ಕತ್ತರಿಸಿ ಒಂದೊಂದಕ್ಕೂ ತನ್ನದೇ ತೋಳು, ತನ್ನದೇ ಸ್ಪ್ರಿಂಗ್ ಕೊಡಬೇಕು ಎನ್ನುವ ತೀರ್ಮಾನಕ್ಕೆ ಆಲಿ ಬಂದ. 1934ರ ಕ್ಯಾಡಿಲಾಕ್, ಬ್ಯೂಕ್, ಷೆವರ್ಲೆಗಳು ಹಾಗೆ ಬಂದವು. ಯುರೋಪಿನಲ್ಲಿ ಲಾನ್ಸಿಯಾ ಲಾಂಬ್ಡಾ 1922ರಷ್ಟು ಹಿಂದೆಯೇ ಮುಂದಿನ ಗಾಲಿಗಳನ್ನು ಸ್ವತಂತ್ರ ಮಾಡಿತ್ತು. ಕೊಲ್ಲಾಪುರದ ದಸರೆಯಲ್ಲಿ ರಾಜಮನೆತನದ ಮೇಬಾಕ್ ಕಾರನ್ನು ನೋಡಲು ಗಡಿ ದಾಟಿ ಹೋಗುವವರಿಗೆ ಒಂದು ಮಾತು: ಅದರ ಮಾದರಿಯ ಹೆಸರಿನ ಎಸ್‌ಡಬ್ಲ್ಯು ಎನ್ನುವ ಜರ್ಮನ್ ಅಕ್ಷರಗಳು ತೂಗುವ ಅಚ್ಚು ಎಂಬುದನ್ನೇ ಹೇಳುತ್ತವೆ. ಮೆರವಣಿಗೆಯಲ್ಲಿ ಅದರ ಹೊಳಪಿನ ಜೊತೆಗೆ ಮುಂದಿನ ಗಾಲಿಯ ಹಿಂದೆಯೂ ಒಮ್ಮೆ ಬಗ್ಗಿ ನೋಡಿ.

ಹೆನ್ರಿ ಫೋರ್ಡ್ ಇದಾವುದಕ್ಕೂ ಜಗ್ಗಲಿಲ್ಲ. 1908ರ ಮಾಡೆಲ್ ಟಿಯಿಂದ 1948ರವರೆಗೆ ಅವನ ಕಾರುಗಳಿಗೆ ಮುಂದೆ ಇಡಿಯ ಅಚ್ಚು, ಅದರ ಮೇಲೆ ಅಡ್ಡಡ್ಡ ಮಲಗಿದ ಒಂದೇ ಪಾಟಾ. ಅವನು ತೀರಿಕೊಂಡದ್ದು 1947ರಲ್ಲಿ. 1949ರ ಮಾದರಿಯಲ್ಲಿ ಕಂಪನಿ ಸ್ವತಂತ್ರ ಸಸ್ಪೆನ್ಷನ್ ತಂದಿತು. ಹಾಟ್ ರಾಡ್ ಹುಡುಗರಿಗೆ ಸಿಕ್ಕಿದ್ದೆಲ್ಲ ಆ ಹಳೇ ಅಚ್ಚೇ. ಅದನ್ನೇ ಕಾಯಿಸಿ, ನಡುಭಾಗ ಕೆಳಗೆ ತುದಿಗಳು ಮೇಲೆ ಬರುವಂತೆ ಬಗ್ಗಿಸಿ ಗಾಡಿಯ ಮೂಗನ್ನು ತಗ್ಗಿಸಿದರು. ಅಳಿಯನ ಫೋನಿನ ಚಿತ್ರಗಳಲ್ಲಿದ್ದ ಬಾಗಿದ ಮೂಗು ಬಂದದ್ದು ಹೀಗೆ.

ಅವರಿಂದ ಕಲಿಯಬೇಕಾದ ಪಾಠ ಒಂದಿದೆ, ನಮ್ಮ ವೆಲ್ಡಿಂಗ್ ಅಂಗಡಿಗಳಿಗೂ ಅದು ಬೇಕು. ಫೋರ್ಡಿನ ಅಚ್ಚನ್ನು ಹಿಡಿಯುತ್ತಿದ್ದದ್ದು ಕವಲಿನಂಥ ಒಂದು ಕಂಬಿ. ಅದರ ಎರಡು ತುದಿ ಅಚ್ಚಿಗೆ, ಕೂಡಿದ ತುದಿ ಗಾಡಿಯ ನಡುವೆ ಒಂದು ಗುಂಡಿನ ಮೇಲೆ. ಹೀಗಾಗಿ ಅಚ್ಚು ಯಾವ ಕಡೆಗಾದರೂ ಓಲಬಹುದಿತ್ತು. ಹೊಸ ಗೇರ್‌ಬಾಕ್ಸು ಕೂಡಿಸುವಾಗ ಕವಲು ಅಡ್ಡ ಬಂತು. ನಡುವೆ ಸೀಳಿ ಒಂದೊಂದು ತುದಿಯನ್ನು ಒಂದೊಂದು ಹಳಿಗೆ ಕಟ್ಟಿದರು. ಈಗ ಒಂದು ಗಾಲಿ ಎದ್ದರೆ ಅಚ್ಚು ತಿರುಚಿಕೊಳ್ಳಲೇಬೇಕು. ಫೋರ್ಡಿನ ಹಳೇ ಅಚ್ಚು ಐ ಆಕಾರದ ತೊಲೆ, ತಿರುಚಿದರೆ ತಾಳಿಕೊಳ್ಳುತ್ತಿತ್ತು. ಅದೇ ಜಾಗದಲ್ಲಿ ದುಂಡನೆಯ ಪೈಪಿನ ಅಚ್ಚು ಹಾಕಿದರೆ ಸೀಳದ ನೀರಾವರಿ ಪೈಪಿನಂತೆ ಅದು ತಿರುಚಲು ಒಪ್ಪುವುದಿಲ್ಲ, ಯಾವುದೋ ಬೆಸುಗೆ ಕಿತ್ತುಬರುತ್ತದೆ. ಹಾಗಾಗಿ ಬಲ್ಲವರ ರೂಢಿ ಇಷ್ಟು: ಸೀಳಿದ ಕವಲಿಗೆ ಐ ತೊಲೆ, ಪೈಪಿನ ಅಚ್ಚಿಗೆ ಪ್ರತಿ ಬದಿಗೆ ಎರಡೆರಡು ಸಮಾಂತರ ಕಂಬಿ.

ಜೀಪಿನ ಮುಂದಿನ ಅಚ್ಚು ಒಳಗೆ ಗೇರು, ಹಲ್ಲು, ದಂಡಗಳನ್ನು ಹೊತ್ತ ಪೈಪಿನ ಅಚ್ಚೇ. ಅದು ತಿರುಚುವುದಿಲ್ಲ, ಅದರ ಪರವಾಗಿ ಪಾಟಾಗಳೂ ಅವುಗಳ ಕೊಂಡಿಗಳೂ ತಿರುಚುತ್ತವೆ. ಗಟ್ಟಿಯಾಗಲಿ ಎಂದು ಅಚ್ಚಿನಿಂದ ಹಳಿಗೆ ಕಬ್ಬಿಣದ ಕಂಬಿ ಬೆಸೆದ ಜೀಪುಗಳನ್ನು ನಾನು ಈ ಭಾಗದಲ್ಲೇ ಕಂಡಿದ್ದೇನೆ. ಓಡಿಸುವವರ ಜೀವದ ಬಗ್ಗೆ ನನಗೆ ಭಯವಾಗುತ್ತದೆ. ಗಟ್ಟಿ ಮಾಡಿದ್ದೇವೆ ಎಂದುಕೊಂಡ ಜಾಗವೇ ಮೊದಲು ಮುರಿಯುವ ಜಾಗ.

ಥಾರಿನ ಸಸ್ಪೆನ್ಷನ್ ಈ ಜೀಪಿಗೆ ಯಾಕೆ ಬೇಡ ಎನ್ನುವುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಮಹೀಂದ್ರದ ಥಾರ್ 2010ರಲ್ಲಿ ಬಂದಾಗಲೇ ಮುಂದಿನ ಗಾಲಿಗಳು ಸ್ವತಂತ್ರವಾಗಿದ್ದವು, ಹಿಂದೆ ಮಾತ್ರ ಪಾಟಾ ಉಳಿದಿತ್ತು. 2020ರ ಥಾರಿನಲ್ಲಿ ಮುಂದೆ ಎರಡು ತೋಳು, ಸುರುಳಿ ಸ್ಪ್ರಿಂಗು. ಒಳ್ಳೆಯ ಸಸ್ಪೆನ್ಷನ್, ಅದರಲ್ಲಿ ಅನುಮಾನವಿಲ್ಲ. ಆದರೆ ಸ್ವತಂತ್ರ ಸಸ್ಪೆನ್ಷನ್ನಿನ ತೋಳುಗಳು ಚಾಸಿಗೆ ನೇತಾಡುತ್ತವೆ. ಚಾಸಿ ಹೊರಳಿದರೆ ತೋಳು ಹೊರಳುತ್ತದೆ, ತೋಳು ಹೊರಳಿದರೆ ಗಾಲಿಯ ದಿಕ್ಕೇ ಬದಲಾಗುತ್ತದೆ. ಅದಕ್ಕೆ ಜಗ್ಗದ ಚಾಸಿ ಬೇಕು. ಹೊರಳುವ ಏಣಿಗೆ ಪಾಟಾ ಮತ್ತು ಇಡಿಯ ಅಚ್ಚು ತಕ್ಕ ಜೋಡಿ. ಥಾರಿನದನ್ನು ಜೀಪಿಗೆ ಕಟ್ಟಲು ಹೋದರೆ ಚಾಸಿ ಮುಚ್ಚಬೇಕು, ಅಡ್ಡಪಟ್ಟಿ ಬದಲಿಸಬೇಕು, ಸ್ಟೇರಿಂಗ್ ಬದಲಿಸಬೇಕು. ಕೊನೆಗೆ ಅಪ್ಪನ ಜೀಪಿನಲ್ಲಿ ಉಳಿಯುವುದು ಬಾನೆಟ್ಟು ಮಾತ್ರ. ಇಡಿಯ ಅಚ್ಚೇನೂ ಕಾಲ ಮುಗಿದ ವಸ್ತುವಲ್ಲ. 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಜಿಮ್ನಿಗೂ ಮುಂದೆ ಇಡಿಯ ಅಚ್ಚೇ ಇದೆ.

ಇನ್ನು ನಮ್ಮ ಜೀಪಿನ ಕಾಯಿಲೆ. ನಿಲ್ಲುವ ಮುಂಚಿನ ಕೊನೆಯ ವರ್ಷಗಳಲ್ಲಿ ಮೀರಜಿನ ರಸ್ತೆಯಲ್ಲಿ ಐವತ್ತರ ವೇಗ ಮುಟ್ಟಿ ಒಂದು ಗುಂಡಿ ದಾಟಿದರೆ ಸಾಕು, ಮುಂದಿನ ಗಾಲಿಗಳು ಸನ್ನಿ ಹಿಡಿದಂತೆ ನಡುಗುತ್ತಿದ್ದವು. ಕಾಗವಾಡದ ಹತ್ತಿರ ಒಮ್ಮೆ ನಾನೇ ಓಡಿಸುತ್ತಿದ್ದಾಗ ಸ್ಟೇರಿಂಗ್ ಕೈ ಬಿಡಿಸಿಕೊಂಡಿತು. ಪಕ್ಕದಲ್ಲಿ ಅವ್ವ ಕೂತಿದ್ದಳು. ಗಾಡಿ ರಸ್ತೆ ಬಿಟ್ಟಿಳಿದು ಕಬ್ಬಿನ ಸಾಲಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವ್ವ ಆ ಜೀಪು ಹತ್ತಿದ್ದು ಅದೇ ಕೊನೆ. ಆಗ ನಾವು ಗಾಲಿಯನ್ನು ದೂರಿದೆವು, ಟೈರನ್ನು ದೂರಿದೆವು, ಹೊಸ ಟೈರ್ ಹಾಕಿಸಿದೆವು. ನಡುಕ ಹೋಗಲಿಲ್ಲ.

ಬಿಚ್ಚಿ ನೋಡಿದ ಮೇಲೆ ಕಾರಣಗಳ ಸರಪಳಿಯೇ ಕಂಡಿತು. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ಭಾರ. ಆ ಭಾರಕ್ಕೆ ಮುಂದಿನ ಪಾಟಾಗಳ ಕಮಾನು ಇಳಿಯಿತು. ಮೂಗು ಇಳಿದದ್ದನ್ನು ಎತ್ತಲು ಯಾರೋ ಉದ್ದನೆಯ ಶಾಕಲ್, ಅಂದರೆ ಪಾಟಾ ನೇತಾಡುವ ಕೊಂಡಿ, ಹಾಕಿದರು. ಈ ಜೀಪಿನಲ್ಲಿ ಮುಂದಿನ ಪಾಟಾದ ಶಾಕಲ್ ಇರುವುದು ಮುಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪಾಟಾದ ಮುಂದಿನ ತುದಿ ಕೆಳಗಿಳಿದು, ಅಚ್ಚು ಮುಂದಕ್ಕೆ ಹೊರಳುತ್ತದೆ. ಅಲ್ಲಿ ಕ್ಯಾಸ್ಟರ್ ಕ್ಷೀಣಿಸಿತು. ಕ್ಯಾಸ್ಟರ್ ಎಂದರೆ ಸೈಕಲ್ಲಿನ ಫೋರ್ಕಿನ ಓರೆ. ಕೈ ಬಿಟ್ಟರೂ ಸೈಕಲ್ಲು ನೆಟ್ಟಗೆ ಹೋಗುವುದಕ್ಕೆ ಫೋರ್ಕು ಹಿಂದಕ್ಕೆ ಓರೆಯಾಗಿರುವುದೂ ಒಂದು ಕಾರಣ. ಈ ಜಾತಿಯ ಜೀಪಿಗೆ ಗಾಲಿ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ನು ಸುಮಾರು 3 ಡಿಗ್ರಿ ಹಿಂದಕ್ಕೆ ವಾಲಿರಬೇಕು. ನಮ್ಮದರಲ್ಲಿ ಹೆಚ್ಚುಕಡಿಮೆ ಸೊನ್ನೆ. ಅದರ ಮೇಲೆ ಕಿಂಗ್‌ಪಿನ್ ಬೇರಿಂಗು ಸವೆದಿತ್ತು, ಟೈ ರಾಡುಗಳನ್ನು ಕೂಡಿಸುವ ಬೆಲ್ ಕ್ರ್ಯಾಂಕಿನ ಬುಶ್ ಬಾಯಿ ಬಿಟ್ಟಿತ್ತು. ಬುಗುರಿ ಕುಣಿಯಲು ಬೇಕಾದದ್ದೆಲ್ಲ ಸಿದ್ಧವಾಗಿತ್ತು. ಟೈರು ಪಾಪ ಏನು ಮಾಡೀತು.

ಇಲ್ಲಿ ಕಾನೂನಿನ ಮಾತೂ ಬರುತ್ತದೆ, ಹಳೇ ಗಾಡಿ ಕಟ್ಟಲು ಹೊರಟ ತರುಣರು ಕಬ್ಬಿಣ ಕೊಯ್ಯುವ ಮೊದಲು ಅದನ್ನು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರಗಳನ್ನು ಬದಲಿಸುವುದಕ್ಕೆ ತಡೆ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಮಾರ್ಪಡಿಸುವ ಹಾಗಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಚಾಸಿ ಸಂಖ್ಯೆಯೇ ಗಾಡಿಯ ಹೆಸರು. ಹೊಸ ಚಾಸಿ ಕಟ್ಟಿದರೆ ಕಾಗದದ ಮಟ್ಟಿಗೆ ಅದು ಬೇರೆಯೇ ಗಾಡಿ. ಇನ್ನೊಂದು ಕಡೆ, 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಹೆಚ್ಚಿನ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರಬೇಕು. ಹೊಸದಾಗಿ ನೋಂದಾಯಿಸಿದರೆ ವಿಎ ಅಕ್ಷರಗಳ ಸಂಖ್ಯೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000. ಪ್ರದರ್ಶನ, ರ‍್ಯಾಲಿ, ದುರಸ್ತಿಗೆ ಒಯ್ಯಬಹುದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಲ್ಲ. ಕ್ಯಾಲಿಫೋರ್ನಿಯಾದ ಹುಡುಗರಿಗೆ ಹಳೇ ಗಾಡಿ ಎಂದರೆ ಬದಲಿಸಲು ಸಿಕ್ಕ ಸ್ವಾತಂತ್ರ್ಯ. ನಮ್ಮ ಕಾನೂನಿಗೆ ಹಳೇ ಗಾಡಿ ಎಂದರೆ ಬದಲಾಗದೆ ಉಳಿದದ್ದು. ನನಗೆ ಎರಡೂ ಅರ್ಥವಾಗುತ್ತವೆ. ಓಟದ ಅಂಗಳಕ್ಕೆಂದು ಗಾಡಿ ಕಟ್ಟುವ ಹುಡುಗರಿಗೆ ಕಾನೂನಿನ ಒಂದು ದಾರಿ ಇರಬೇಕಿತ್ತು ಎಂದು ನಾನು ನಂಬುತ್ತೇನೆ. ಆದರೆ 1967ರ ಹಳಿಯ ಮೇಲೆ ನಾನು ಕಟರ್ ಇಡಲಾರೆ.

ಲೆಕ್ಕ ಹೀಗೆ ಒಂದೇ ಕಡೆ ವಾಲಿತು. ಡೀಸೆಲ್ ಇಳಿಸಿ ಪೆಟ್ರೋಲ್ ಎಂಜಿನ್ ಮರಳಿ ಕೂಡಿಸಿದರೆ ಪಾಟಾಗಳ ಭಾರ ಮೊದಲಿನಷ್ಟಾಗುತ್ತದೆ. ಭಾರ ಇಳಿದರೆ ಉದ್ದನೆಯ ಶಾಕಲ್ ಬೇಡ. ಶಾಕಲ್ ಮೂಲದ್ದಾದರೆ ಕ್ಯಾಸ್ಟರ್ ಮರಳುತ್ತದೆ. ಗಾಡಿ ಮೂಲರೂಪಕ್ಕೆ ಬಂದರೆ ವಿಂಟೇಜ್ ನಿಯಮಕ್ಕೂ ಹೊಂದುತ್ತದೆ. ಅಳಿಯ ಮೊದಲು ಮುಖ ಸಣ್ಣದು ಮಾಡಿಕೊಂಡ. ಆದರೆ ಹರಿಕೇನ್ ಎಂಜಿನ್ನಿನ ಗೋಣಿ ಸರಿಸಿ, ತಲೆ ಬಿಚ್ಚಿ, ಮೇಲಿನ ವಾಲ್ವನ್ನೂ ಪಕ್ಕದ ವಾಲ್ವನ್ನೂ ತೋರಿಸಿದ ದಿನದಿಂದ ಅವನು ಪ್ರತಿ ಶನಿವಾರ ಪುಣೆಯಿಂದ ಬರುತ್ತಿದ್ದಾನೆ. ಪಾಟಾಗಳ ಎಲೆ ಎಲೆ ಬಿಡಿಸಿ, ತುಕ್ಕು ತೆಗೆದು, ಕಮ್ಮಾರರಲ್ಲಿ ಕಮಾನು ಏರಿಸಿಕೊಂಡು ತಂದೆವು. ಕಿಂಗ್‌ಪಿನ್ನಿಗೆ ಹೊಸ ಬೇರಿಂಗು ಬಂತು, ಬೆಲ್ ಕ್ರ್ಯಾಂಕಿಗೆ ಹೊಸ ಬುಶ್ಶು.

ಹೋದ ಭಾನುವಾರ ಎಂಜಿನ್ ಹಳಿಯ ಮೇಲೆ ಕೂತಿತು. ಗಾಡಿಯನ್ನು ಸಮನೆಲಕ್ಕೆ ಇಳಿಸಿ ಮುಂದಿನ ಅಚ್ಚನ್ನು ಅಳೆದೆವು. ಅಳಿಯ ಫೋನಿನ ಕೋನಮಾಪಕವನ್ನು ಕಿಂಗ್‌ಪಿನ್ನಿನ ಗುಂಟ ಹಿಡಿದ. ಮಿಸ್ತ್ರಿ ಓಳಂಬಿ ಇಳಿಬಿಟ್ಟು ಸ್ಕೇಲಿನಿಂದ ಅಂತರ ನೋಡಿ ಬೆರಳಲ್ಲಿ ಲೆಕ್ಕ ಹಾಕಿದ. ಫೋನು 2 ಡಿಗ್ರಿ ಅಂದಿತು. ಮಿಸ್ತ್ರಿ "ಎರಡು ಇಲ್ಲಾ ಎರಡೂವರಿ" ಅಂದ. ಪಾಟಾಕ್ಕೂ ಅಚ್ಚಿಗೂ ನಡುವೆ 1 ಡಿಗ್ರಿಯ ಬೆಣೆ ಇಡಬೇಕು. ದಪ್ಪ ತುದಿ ಯಾವ ಕಡೆ ಎನ್ನುವುದರಲ್ಲಿ ತಪ್ಪಿದರೆ ಇದ್ದದ್ದೂ ಹೋಗುತ್ತದೆ. ಬೆಣೆ ಹೆಚ್ಚಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಮಿಸ್ತ್ರಿ ಬೆಣೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಸೀಮೆಸುಣ್ಣದಿಂದ ದಪ್ಪ ತುದಿಗೆ ಒಂದು ಬಾಣ ಬರೆದು ಅಳಿಯನ ಕೈಗೆ ಕೊಟ್ಟ. ಅವನು ಗಾಡಿಯ ಕೆಳಗೆ ಮಲಗಿ ಯು ಬೋಲ್ಟಿನ ನಟ್ಟು ಸಡಿಲಿಸತೊಡಗಿದ. ಅವ್ವ ಪಡಸಾಲೆಯಿಂದ ಒಂದು ಹಾಸು ತಂದು ಅವನ ಬೆನ್ನ ಕೆಳಗೆ ಸರಿಸಿದಳು.